ಸಾವಿರ ಲೀಟರಿಗೆ ಮೂವತ್ತೆರಡು ಕಿಲೋ

ಸೋಮವಾರ ಬೆಳಿಗ್ಗೆ ನಾನು ಸಮುದ್ರ ಕಲಸುತ್ತೇನೆ.
ಪೀಣ್ಯ ಎರಡನೇ ಹಂತ, ಶೆಡ್ಡಿನ ಹಿಂಬದಿ,
ಟ್ಯಾಂಕರಿನವನು ಸುರಿದು ಹೋದ ಸಿಹಿನೀರಿಗೆ
ಸಾವಿರ ಲೀಟರಿಗೆ ಮೂವತ್ತೆರಡು ಕಿಲೋ ಉಪ್ಪು.
ಕಡಗೋಲಿನಂಥ ಮೋಟರು ಗಿರ್ರೆನ್ನುತ್ತದೆ.
ಹದಿನೈದು ನಿಮಿಷ. ಕಡಲು ಸಿದ್ಧ.
ಅಲೆ ಒಂದಿಲ್ಲ, ಅಷ್ಟೆ.

ಸಮುದ್ರ ನೋಡಿದವಳಲ್ಲ ನಾನು.
ಲಗ್ಗೆರೆ ಬಿಟ್ಟರೆ ಸಿದ್ಧಗಂಗೆ, ಒಮ್ಮೆ ಘಾಟಿ.

ಒಳಗೆ ಹತ್ತು ಜನ ಹೆಂಗಸರು
ಬಿಳಿ ಟೋಪಿ ತೊಟ್ಟು ಪೊರೆ ಸುತ್ತುತ್ತಾರೆ.
ಹಾಳೆ, ಜಾಲರಿ, ಹಾಳೆ, ಅಂಚಿಗೆ ಗೋಂದು,
ನಡುವೆ ಒಂದು ಕೊಳವೆ,
ಹಾಸಿಗೆ ಸುತ್ತಿಟ್ಟಷ್ಟು ಬಿಗಿಯಾಗಿ.
ಉಗುರು ತಾಕಿದರೆ ಹಾಳು.
ಅದಕ್ಕೇ ಬಳೆ ಬಿಚ್ಚಿಡಬೇಕು.
ಮದುವೆಯಾಗಿ ತಿಂಗಳಾಗದ ಜೈಬುನ್ನಿಸಾ
ಬಳೆಯ ಮೇಲೆ ಬ್ಯಾಂಡೇಜು ಸುತ್ತಿಕೊಂಡು ಬಂದಳು.
ಮೇಸ್ತ್ರಿ ಥಾಮಸಪ್ಪ ನೋಡಿದರು,
ಕೈಗೆ ಏನಾಯಿತಮ್ಮ ಎಂದು ಕೇಳಲಿಲ್ಲ.

ಸುತ್ತಿದ್ದನ್ನು ಪರೀಕ್ಷಿಸುವವಳು ನಾನು.
ನನ್ನ ಕಡಲನ್ನು ಪಂಪು ಅದರೊಳಕ್ಕೆ ತಳ್ಳುತ್ತದೆ
ಗೋಡೆಯ ಕ್ಯಾಲೆಂಡರು ನಡುಗುವಷ್ಟು.
ಒಂದು ಬಾಯಲ್ಲಿ ನೀರು, ತೆಳ್ಳಗೆ.
ಇನ್ನೊಂದರಲ್ಲಿ ಮೊದಲಿಗಿಂತ ಉಪ್ಪಾದ ಉಪ್ಪು.
ಮೀಟರು ಅದ್ದಿದರೆ ಎಂಬತ್ತೆರಡು.
ನಮ್ಮ ಬೀದಿಯ ಬೋರಿನದು ಸಾವಿರದ ನೂರು.

ಹಸಿರು ಚೀಟಿ ಅಂಟಿಸಿ ಸಹಿ ಹಾಕುತ್ತೇನೆ.
ಪೆಟ್ಟಿಗೆ ತೂತುಕುಡಿಗೆ, ಪೆಟ್ಟಿಗೆ ಮಸ್ಕತ್ತಿಗೆ.
ಆಮೇಲೆ ಎರಡೂ ನೀರನ್ನು
ಮತ್ತೆ ಅದೇ ಟ್ಯಾಂಕಿಗೆ ಬಿಡುತ್ತೇನೆ.
ಮೊದಲ ವಾರ ಅದನ್ನು ನೋಡಿ
ಹೊಟ್ಟೆ ಉರಿದಿತ್ತು.

ಸ್ಟೋರಿಗೆ ಹೊಸದಾಗಿ ಸೇರಿದವನು ರೋಹಿದಾಸ ಹರಿಕಂತ್ರ,
ಕಾರವಾರದ ಕಡೆಯವನು.
ಟ್ಯಾಂಕಿಗೆ ಬೆರಳದ್ದಿ ನಾಲಿಗೆಗಿಟ್ಟ,
ಯೋಚಿಸಿದ, ಇನ್ನೊಮ್ಮೆ ಅದ್ದಿದ.
'ಇದು ಬರೀ ಉಪ್ಪು ಅಕ್ಕ.
ಸಮುದ್ರದಲ್ಲಿ ಉಪ್ಪು ಆಮೇಲೆ ಬರ್ತದೆ, ಮೊದಲು ಕಹಿ.'
'ಕಹಿನಾ?'
'ಕಹಿ. ಮತ್ತೆ ಮೀನು, ದೋಣಿಯ ಎಣ್ಣೆ,
ಸತ್ತದ್ದು, ಹುಟ್ಟಿದ್ದು.'
ರಿಜಿಸ್ಟರಿನಲ್ಲಿ ಅದಕ್ಕೆಲ್ಲ ಕಾಲಮ್ಮಿಲ್ಲ.
ಹೋಗುತ್ತ ತಿರುಗಿ ನಿಂತು ಕೇಳಿದ,
'ಉಳಿದ ಗಟ್ಟಿ ಉಪ್ಪುನೀರು, ಅಲ್ಲಿ ಎಲ್ಲಿ ಬಿಡ್ತಾರೆ?'
'ಕಡಲಿಗೇ.'
'ನಮ್ಮ ಬಲೆಯ ಬುಡಕ್ಕೆ ಅನ್ನಿ' ಎಂದು ನಕ್ಕ.
ನಾನು ನಗಲಿಲ್ಲ, ಅವನೂ ಅಷ್ಟೇನೂ ನಗಲಿಲ್ಲ.

ಏಪ್ರಿಲ್ಲಿನಲ್ಲಿ ಕಾವೇರಿ ಐದು ದಿನ ಬರಲಿಲ್ಲ.
ಐದು ರೂಪಾಯಿ ನಾಣ್ಯ ಹಾಕಿದರೆ
ಘಟಕದ ಯಂತ್ರ ನಾಣ್ಯ ನುಂಗಿ ಕೆಮ್ಮಿತು.
ಟ್ಯಾಂಕರಿನವನು ಫೋನು ಎತ್ತಲಿಲ್ಲ.
ಇಡೀ ಬೀದಿಗೆ ನೀರಿದ್ದದ್ದು
ನನ್ನ ಸಮುದ್ರವೊಂದರಲ್ಲೇ.

ಶುಕ್ರವಾರ ಮಧ್ಯಾಹ್ನ ಜೈಬುನ್ನಿಸಾ
ಹತ್ತು ಲೀಟರಿನ ಕ್ಯಾನು ಹಿಡಿದು ಬಂದಳು.
ಏನೂ ಕೇಳಲಿಲ್ಲ, ತೆಳ್ಳನೆಯ ಬಾಯಿಗೆ ಒಡ್ಡಿದಳು.
'ಕುಡಿಯಬಾರದು' ಎಂಬ ಬೋರ್ಡು
ಅವಳ ತಲೆಯ ಮೇಲೇ ಇತ್ತು.
'ಅನ್ನಕ್ಕೆ ಅಕ್ಕ, ಕುಡಿಯೋಕಲ್ಲ.'
ಅವಳ ಹಿಂದೆ ಸಾಲು. ಹತ್ತು ಕ್ಯಾನು.
ಥಾಮಸಪ್ಪ ಕಿಟಕಿಯಲ್ಲಿ ಮೆಟ್ರೋ ನೋಡುತ್ತ
'ಉಪ್ಪು ತಿಂದವರು ನೀರು ಕುಡಿಯಲೇಬೇಕು' ಅಂದರು.
ಬೈದರೋ ಬಿಟ್ಟರೋ ತಿಳಿಯಲಿಲ್ಲ.
ಹನ್ನೊಂದನೆಯ ಕ್ಯಾನು ನನ್ನದು.

ಸಿಹಿ ತೆಗೆದಷ್ಟೂ ಕಡಲು ಗಟ್ಟಿಯಾಗುತ್ತದೆ.
ಸಂಜೆಗೆ ಮೂವತ್ತೆರಡು ಮೂವತ್ತಾರಾಗಿತ್ತು.
ಮೀಟರನ್ನು ಎರಡು ಸಲ ಒರೆಸಿ ನೋಡಿದೆ.
ರಿಜಿಸ್ಟರು ತೆಗೆದು,
ಆರು ವರ್ಷದಲ್ಲಿ ಒಂದು ತಪ್ಪಿಲ್ಲದ ರಿಜಿಸ್ಟರು,
ಮೂವತ್ತೆರಡು ಎಂದೇ ಬರೆದೆ.

ರಾತ್ರಿ ಅತ್ತೆ ಒಂದು ಲೋಟ ಎತ್ತಿಕೊಂಡು ಕುಡಿದೇಬಿಟ್ಟರು.
ಬಾಯಲ್ಲಿ ಹೊರಳಿಸಿ, ದೀಪಕ್ಕೆ ಹಿಡಿದು,
'ಏನೂ ಇಲ್ವಲ್ಲೇ ಇದರಲ್ಲಿ' ಅಂದರು.
ಇರಬೇಕಾದ್ದೆಲ್ಲ ರಿಜಿಸ್ಟರಿನಲ್ಲಿದೆ
ಅನ್ನಬೇಕೆನಿಸಿತು. ಅಕ್ಕಿ ತೊಳೆದೆ.

ಮಂಗಳವಾರ ಟ್ಯಾಂಕರು ಬಂತು.
ಪೈಪು ಎಳೆದು ಸಮುದ್ರಕ್ಕೆ ನೀರು ಬಿಡುತ್ತಿದ್ದೆ.
ರೋಹಿದಾಸ ಸ್ಟೋರಿನ ಬಾಗಿಲಿನಿಂದಲೇ ಕೂಗಿದ,
'ತುಂಬಿತಾ ಅಕ್ಕ, ಕಡಲು?'

ಕೈಯಿಟ್ಟು ಅಳೆದೆ.
ಇನ್ನೂ ನಾಲ್ಕು ಬೆರಳು ಕಡಿಮೆ.