ಕಾಲಿಗೆ ಹೇಳಿದ ಬುದ್ಧಿ

ಮೂವತ್ತೆಂಟು ವರ್ಷ ನಿಂತೆ.
ಪೋರ್ತೊ ಪಕ್ಕದ ಮತೊಜಿನ್ಯೋಸ್ ಬಂದರಿನಲ್ಲಿ
ಮೀನು ಡಬ್ಬಿಯ ಕಾರ್ಖಾನೆ, ಒದ್ದೆ ಸಿಮೆಂಟು,
ರಬ್ಬರ್ ಬೂಟು, ಕೈಯಲ್ಲಿ ಕತ್ತರಿ.
ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ,
ಡಬ್ಬಿಗೆ ಐದು ಬೂತಾಯಿ, ಬೆನ್ನಿಗೆ ಹೊಟ್ಟೆ ತಾಗಿಸಿ,
ಎಣ್ಣೆ, ಮುಚ್ಚಳ,
ಮುಂದಿನದು.
ನನಗೂ ಎರಡು ಕಾಲಿವೆಯೆಂದು
ನೆನಪಾಗುತ್ತಿದ್ದದ್ದು ರಾತ್ರಿ,
ಬಿಸಿನೀರಿನ ಬೋಗುಣಿಯೊಳಗೆ.

ನಿವೃತ್ತಿಯಾಗಿ ಮೂರನೆಯ ತಿಂಗಳು
ಕಣ್ಣೆದುರೇ ಬಸ್ಸು ಹೊರಟಿತು.
ಒಂದು ಕೈಯಲ್ಲಿ ಎಲೆಕೋಸು, ಇನ್ನೊಂದರಲ್ಲಿ ಕೊಡೆ.
ಓಡಿದೆ.
ಅವಸರವೇನೂ ಇರಲಿಲ್ಲ, ಅಬೀಲಿಯೊ
ಇಸ್ಪೀಟಿಗೆ ಕೂತರೆ ಏಳುವುದು ಕತ್ತಲಾದ ಮೇಲೆ.
ಚಾಲಕ ಕನ್ನಡಿಯಲ್ಲಿ ಕಂಡು ನಿಲ್ಲಿಸಿದ, ಪುಣ್ಯಾತ್ಮ.
ಹತ್ತಿ ಕೂತೆ. ಎದೆಯೊಳಗೆ ನಗಾರಿ.
ಇನ್ನು ನನ್ನ ಕತೆ ಮುಗಿಯಿತು ಅಂದುಕೊಂಡೆ.
ಎರಡು ನಿಲ್ದಾಣ ಕಳೆಯುವಷ್ಟರಲ್ಲಿ
ಉಸಿರು ತಾನಾಗಿ ಮನೆಗೆ ಬಂತು,
ಆಡಲು ಹೋದ ಮಗು
ದೀಪ ಹಚ್ಚುವ ಹೊತ್ತಿಗೆ ಬರುವ ಹಾಗೆ.
ಮೂರನೆಯದರಲ್ಲಿ ಇಳಿದೆ.
ಹಿಂದೆ ಮುಂದೆ ನೋಡಿ
ಮತ್ತೆ ಓಡಿದೆ, ಎಲೆಕೋಸಿನ ಸಮೇತ.

ಅರವತ್ತಕ್ಕೆ ಅರಳು ಮರಳು
ಅಂದರು ಮಹಡಿ ಮೆಟ್ಟಿಲಲ್ಲಿ.
‘ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ, ದಿಯೊಲಿಂದಾ?’
ಕೇಳಿದವಳು ಕೆಳಮನೆಯ ಗ್ರಸಿಯೆತ್,
ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡೇ.
ಯಾರೂ ಇಲ್ಲ, ಅದೇ ತೊಂದರೆ.
ಹೆದರಿದವರು ಕಾಲಿಗೆ ಬುದ್ಧಿ ಹೇಳುತ್ತಾರೆ, ಲೋಕ ಒಪ್ಪುತ್ತದೆ.
ಹೆದರದೆ ಓಡುವವಳನ್ನು ಕಂಡರೆ
ಇಡೀ ಬೀದಿಗೆ ಗುಮಾನಿ.

ಮೊದಲ ವಾರ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ.
ಮಗಳ ಹಳೆಯ ಬೂಟು, ಒಂದು ಅಳತೆ ದೊಡ್ಡದು,
ತುದಿಗೆ ಹತ್ತಿ ತುರುಕಿ.
ಕಡಲ ಮಂಜಿನಲ್ಲಿ ಕಂಬ ಕಾಣದಿದ್ದರೆ
ಎಣಿಕೆ: ಒಂದು, ಎರಡು, ಮೂರು, ನಾಲ್ಕು, ಐದು,
ಮುಚ್ಚಳ.
ಎಡಗಾಲ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿತು.
ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟೆ,
ಮಗಳ ಮೊದಲ ಹಲ್ಲು ಎತ್ತಿಟ್ಟ ಹಾಗೆ.

ವರ್ಷದ ಕೊನೆಯ ಸಂಜೆ ಪಂದ್ಯ, ಹತ್ತು ಕಿಲೋಮೀಟರು.
ಎದೆಗೆ ನಾಲ್ಕು ಪಿನ್ನು, ಎರಡು ಸಾವಿರದ ನೂರ ಹದಿನೇಳು.
ಇಷ್ಟು ದೊಡ್ಡ ಸಂಖ್ಯೆ ನನ್ನದೆಂದು
ಸಂಬಳದ ಚೀಟಿಯೂ ಯಾವತ್ತೂ ಹೇಳಿರಲಿಲ್ಲ.
ಕೋಳಿಯ ವೇಷದ ಹುಡುಗ ನನ್ನ ದಾಟಿದ.
ಮಗುವಿನ ಗಾಡಿ ತಳ್ಳುತ್ತ ಒಬ್ಬ ಅಪ್ಪ ದಾಟಿದ,
ಮಗು ನಿದ್ದೆಯಲ್ಲಿತ್ತು.
ದಾಟಲಿ. ಗಾಳಿ ಎಲ್ಲರ ಮುಖಕ್ಕೂ ಒಂದೇ ಉಪ್ಪು.

ಏಳನೆಯ ಕಿಲೋಮೀಟರಿಗೆ ಕಾರ್ಖಾನೆಯ ಗೇಟು,
ಬೀಗ ಹಾಕಿತ್ತು, ರಜೆ.
ಅಷ್ಟು ಜನರ ನಡುವೆ, ಅಷ್ಟು ಬೊಬ್ಬೆಯಲ್ಲಿ,
ನನ್ನ ಕಾಲು ತಾವಾಗಿ ಎಡಕ್ಕೆ ಹೊರಳಿದವು,
ಕೊಟ್ಟಿಗೆಯ ದಾರಿ ಗೊತ್ತಿರುವ ಹಸುವಿನಂತೆ.
ಗದರಿಸಲಿಲ್ಲ.
ಇವತ್ತು ಅಲ್ಲಿಗಲ್ಲ ಕಣ್ರೋ, ಅಂದೆ,
ನೇರ.
ಕೇಳಿಕೊಂಡವು. ನಾನು ಸ್ವಲ್ಪ ಅತ್ತೆ,
ಬೆವರಿನಲ್ಲಿ ಲೆಕ್ಕಕ್ಕೆ ಸಿಗದಷ್ಟು.

ಒಂದು ಗಂಟೆ ಹದಿನಾಲ್ಕು ನಿಮಿಷ.
ಅರವತ್ತು ದಾಟಿದ ಹೆಂಗಸರಲ್ಲಿ ಮೂರನೆಯವಳು.
ಓಡಿದ್ದು ಮೂವರೇ
ಎಂದು ಅಬೀಲಿಯೊ ಊರಿಗೆಲ್ಲ ಹೇಳಿದ,
ಹೇಳುವಾಗ ಪದಕ ಅವನ ಕೊರಳಲ್ಲಿತ್ತು.

ಬಹುಮಾನದ ಬುಟ್ಟಿಯಲ್ಲಿ ಒಂದು ಬಾಟಲಿ ವೈನು,
ಒಣಹಣ್ಣಿನ ಕೇಕು,
ಎರಡು ಡಬ್ಬಿ ಬೂತಾಯಿ.
ತೆರೆದು ನೋಡಿದೆ. ಬಾಲ ಸೊಟ್ಟ ಕತ್ತರಿಸಿದ್ದಾರೆ,
ಎಣ್ಣೆಯಲ್ಲಿ ಜುಗ್ಗತನ, ಮೀನು ನಾಲ್ಕೇ.
ನಾನು ಬಿಟ್ಟ ಮೇಲಿನ ಮಾಲು.

ಕುರ್ಚಿ ಎಳೆದುಕೊಂಡು
ಕೂತು ತಿಂದೆ.

ಮಾರ್ಚಿಯಲ್ಲಿ ಇನ್ನೊಂದಿದೆಯಂತೆ,
ಸೇತುವೆ ದಾಟಿ ಆಚೆ ದಡಕ್ಕೆ, ದೂರ ಇದರ ಇಮ್ಮಡಿ.
ಮೆಲ್ಲಗೆ ಹೇಳುತ್ತಿದ್ದೇನೆ,
ಮೊಣಕಾಲಿಗೆ ಕೇಳಿಸಬಾರದು.