ಕಿರ್ದಿಯ ಕೊನೆಯ ಹಾಳೆ

ಪಾಡ್ಯಕ್ಕೆ ಹೊಸ ಕಿರ್ದಿ ಬರುತ್ತದೆ.
ಹಳೆಯದರ ಕೊನೆಯ ಹಾಳೆಯಲ್ಲಿ
ಬಾಕಿದಾರರ ಹೆಸರಿನ ಕೆಳಗೆ ಗೆರೆ ಎಳೆದು
ನಾನು ಬರೆದುಕೊಳ್ಳುವುದು ಬೇರೆ ಲೆಕ್ಕ:
ಈ ವರ್ಷ ಮತ್ತೆ ಅಚ್ಚಾಗಿ ಬಂದ ರೆಕಾರ್ಡುಗಳಲ್ಲಿ
ನನಗೆ ಸೇರಿದವು.

ಸೊಲ್ಲಾಪುರ, ಅಶೋಕ ಚೌಕ, ಮೋಟರ್ ರಿವೈಂಡಿಂಗ್ ಅಂಗಡಿ.
ಸುಟ್ಟ ವಾರ್ನಿಶಿನ ವಾಸನೆ, ತಾಮ್ರದ ತಂತಿಯ ಸಿಂಬೆ.
ಗಿರಾಕಿ ಇಣುಕಿ, "ಮಿಸ್ತ್ರಿ ಎಲ್ಲಿ?" ಅಂತಾನೆ.
ಮಿಸ್ತ್ರಿ ನಾನೇ ಎಂದು ಹೇಳಿ ಹೇಳಿ
ಈಗ ಹೇಳುವುದಿಲ್ಲ,
ಸುಮ್ಮನೆ ಮೋಟರು ತಗೊಳ್ಳುತ್ತೇನೆ.

ಒಂದು, ಜಾಜ್.
ಯಾವುದೋ ಬಂದರಿನ ಹೋಟೆಲಿನಲ್ಲಿ
ನಾನು ಹುಟ್ಟುವ ಮೊದಲು ಒಂದೇ ರಾತ್ರಿ ನುಡಿಸಿದ್ದು.
ತುತ್ತೂರಿಯವನಿಗೆ ನಡುವೆ ಉಸಿರು ತಪ್ಪುತ್ತದೆ.
ತಪ್ಪಿದ್ದನ್ನೇ ಎತ್ತಿಕೊಂಡು ಮುಂದೆ ಹೋಗುತ್ತಾನೆ,
ಮುಳ್ಳು ಚುಚ್ಚಿದವ ಕುಂಟುತ್ತಲೇ ಬಸ್ಸು ಹಿಡಿದ ಹಾಗೆ.
ಹಳೆಯ ಕ್ಯಾಸೆಟ್ಟಿನಲ್ಲಿ ಅಲ್ಲೇ ಯಾರೋ ಕೆಮ್ಮುತ್ತಿದ್ದರು.
ಹೊಸದರಲ್ಲಿ ಕೆಮ್ಮು ಒರೆಸಿಬಿಟ್ಟಿದ್ದಾರೆ.
ಅದಕ್ಕೆ ಅರ್ಧ ಅಂಕ ಕಳೆದಿದ್ದೇನೆ.
ಕೆಮ್ಮಿದವನು ಈಗ ಎಲ್ಲಿ ಕೂತು ಕೇಳಬೇಕು?

ಎರಡು, ಜಾಜ್ ಅಲ್ಲ.
ಇಂಡಸ್ಟ್ರಿಯಲ್ ಅಂತಾರೆ ಇದಕ್ಕೆ.
ಮುಚ್ಚಿದ ಉಕ್ಕಿನ ಕಾರ್ಖಾನೆಯೊಳಗೆ ನಾಲ್ಕು ಹುಡುಗರು,
ತಗಡು, ಸರಪಳಿ, ಬ್ಲೋವರ್, ಕೆಟ್ಟ ರೇಡಿಯೋ.
ಮೊದಲ ಸಲ ಹಚ್ಚಿದಾಗ ಅಂಬಾದಾಸ ಓಡಿ ಬಂದ:
"ಅಕ್ಕಾ, ಬೇರಿಂಗ್ ಹೋಗೇದ, ಬಂದ್ ಮಾಡ್ರಿ!"
ಮೂರೂ ಮೋಟರಿನ ಸ್ವಿಚ್ಚು ಆರಿಸಿದರೂ
ಸದ್ದು ನಿಲ್ಲಲಿಲ್ಲ.
ಅವನ ಮುಖ ನೋಡಬೇಕಿತ್ತು.

ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ.
ಇಪ್ಪತ್ತೊಂಬತ್ತು ವರ್ಷ ಮಗ್ಗದ ಖಾತೆಯಲ್ಲಿ ಜಾಬರ್,
ಅಲ್ಲಿ ಮಾತೆಂದರೆ ತುಟಿ ನೋಡುವುದು.
ಮನೆಯಲ್ಲಿ ಅವ್ವ ಸಿಟ್ಟು ಬಂದಾಗ
ಬೆನ್ನು ತಿರುಗಿಸಿ ಬೈಯುತ್ತಿದ್ದಳು,
ಅದು ಅವಳ ದಯೆ.
ಅಪ್ಪ ಬಂದು ಸ್ಪೀಕರಿನ ಮೇಲೆ ಅಂಗೈ ಇಟ್ಟ,
ಕೂಸಿನ ಜ್ವರ ನೋಡುವವನಂತೆ.
ಬಹಳ ಹೊತ್ತು.
"ಎರಡನೇ ಮಗ್ಗದ ಪಟ್ಟಾ ಸಡ್ಲ ಆಗೇದ, ಗಂಗೂ.
ಇಲ್ಲಿ ಜಾಬರ್ ಯಾರು?"
ಕವರು ತಿರುಗಿಸಿ ನಾಲ್ಕೂ ಹೆಸರು ತೋರಿಸಿದೆ.
"ಹೆಸರು ಬರದಾರ?" ಅಂದ.
ಕೈ ತೆಗೆಯಲಿಲ್ಲ.

ಮೂರು. ಮತ್ತೆ ಜಾಜ್.
ಮೂರನೆಯದೆಂದು ಬರೆದರೂ ಈ ಸಲ ಇದೇ ಮೊದಲು.
ಹಿಂದಿನ ಅಚ್ಚಿನಲ್ಲಿ ಡ್ರಮ್ಮಿನವನ ಹೆಸರು ಬಿಟ್ಟಿದ್ದರಂತೆ.
ಐವತ್ತಾರು ವರ್ಷ ಆ ಕೈ
ಯಾರದೂ ಅಲ್ಲದೆ ಬಡಿಯಿತು.
ಈಗ ಒಳಹಾಳೆಯಲ್ಲಿ, ಎಳ್ಳಿನಷ್ಟು ಅಕ್ಷರದಲ್ಲಿ, ಇದೆ.
ಇಷ್ಟೇ ಬದಲು, ಸದ್ದು ಅದೇ.
ಆದರೂ ಬ್ರಶ್ಶು ಚರ್ಮದ ಮೇಲೆ
ಅಕ್ಕಿ ಕೇರಿದಂತೆ ಸರಿಯುವಲ್ಲಿ
ಒಬ್ಬ ಮನುಷ್ಯ ಕೂತಿದ್ದಾನೆ, ತೋಳು ಮಡಚಿ.

ಅಪ್ಪ ಚನ್ನಮಲ್ಲ.
ಮಿಲ್ಲಿನ ಮಸ್ಟರಿನಲ್ಲಿ ಚಂದಾಮಲ.
ಪಿಂಚಣಿಯ ಕಾಗದದಲ್ಲಿ ಚನ್ನಮಾಲಾ,
ಪಕ್ಕದಲ್ಲಿ ಹೆಣ್ಣು ಎಂದು ಟಿಕ್ಕು.
ಏಳು ವರ್ಷ ಪಿ.ಎಫ್. ಕಚೇರಿ ಹತ್ತಿಳಿದೆ.
ಮರಾಠಿಯಲ್ಲಿ ಅರ್ಜಿ, ಹಿಂದಿಯಲ್ಲಿ ಉತ್ತರ,
ಕನ್ನಡದಲ್ಲಿ ಬೈಗುಳ, ಅದೂ ಮೆಟ್ಟಿಲಿಳಿದ ಮೇಲೆ.
ಜೂನಿನಲ್ಲಿ ಬಂತು, ಹೆಸರು ಸರಿಯಾದ ಕಾಗದ,
ಹಿಂದೆಯೇ ಬಾಕಿ ಹಣ.
ಅದರಲ್ಲೇ ಒಂದಿಷ್ಟು ಮುರಿದು
ಈ ಮೂರನೆಯದನ್ನು ತರಿಸಿದೆ.
ಅಪ್ಪನಿಗೆ ಹೇಳಿಲ್ಲ.
ಹೇಳಿದರೆ ಬೈಯುವುದಿಲ್ಲ,
ಎಷ್ಟಾಯಿತು ಎಂದು ಕೇಳುತ್ತಾನೆ,
ಅದಕ್ಕೇ ಹೇಳಿಲ್ಲ.

ನಾಲ್ಕು ಎಂದು ಬರೆದು ಖಾಲಿ ಬಿಟ್ಟಿದ್ದೇನೆ.
ಪಾರ್ಸೆಲ್ಲು ಪುಣೆಯಲ್ಲೇ ಕೂತಿದೆಯಂತೆ,
ಇಂದು ನಾಳೆ ಅಂತಾರೆ.

ಕಸ ಹೊಡೆಯುತ್ತಿದ್ದ ಅಂಬಾದಾಸ
ಕಿರ್ದಿಯ ಮೇಲೆ ಬಗ್ಗಿ, ಬೆರಳಿಟ್ಟು
ಆ ಪರದೇಶದ ಹೆಸರುಗಳನ್ನು ಕೂಡಿಸಿ ಕೂಡಿಸಿ ಓದಿದ.
"ಅಕ್ಕಾ, ಇವರದೆಲ್ಲಾ ಎಷ್ಟ ಬರೋದೈತಿ ನಮಗ?"

ಹೊರಗೆ ಟೆಂಪೋದಿಂದ
ಬೋರ್‌ವೆಲ್ಲಿನ ಮೋಟರು ಇಳಿಸುತ್ತಿದ್ದರು,
ಇನ್ನೂ ನೀರು ಸೋರುತ್ತಿತ್ತು.