ಹನ್ನೊಂದು ಹಸಿರು ಚುಕ್ಕೆ

ಹನ್ನೊಂದು ಶಾಖೆ, ಒಬ್ಬ ನಾನು, ಒಂದು ಹಳೆಯ ಬೈಕು.
ಬೆನ್ನಚೀಲದಲ್ಲಿ ಲ್ಯಾಪ್‌ಟಾಪು, ನೀಲಿ ಕೇಬಲಿನ ಸುರುಳಿ,
ಟಾರ್ಚು, ಒದ್ದೆಯಾದರೆ ಬದಲಿಸಲು ಒಂದು ಅಂಗಿ.
ಹದಿನಾಲ್ಕು ವರ್ಷ
ನಮ್ಮ ಸಹಕಾರಿ ಬ್ಯಾಂಕಿನ ನೆಟ್‌ವರ್ಕ್ ಅಂದರೆ
ನನ್ನ ಸೊಂಟನೋವು.

ತುಲಾ ತಿಂಗಳ ಸಂಜೆಗೆ ಒಂದು ಸಿಡಿಲು ಸಾಕು.
ಬಂದಡ್ಕದಿಂದ ಮಣಿಯಾಣಿಯವರ ಫೋನು:
"ಇಲ್ಲಿ ಎಂತದೂ ಇಲ್ಲ ಮಾರಾಯ, ಬೇಗ ಬಾ."
ಎಂತದೂ ಇಲ್ಲ ಅಂದರೆ ಎಂತ ಇಲ್ಲ?
ಕರೆಂಟಿಲ್ಲವೋ, ಲೈನಿಲ್ಲವೋ, ತಾಳ್ಮೆ ಇಲ್ಲವೋ,
ಹೋಗಿಯೇ ನೋಡಬೇಕು.
ಹೋಗಿ ನೋಡಿದರೆ ಕೆಲವೊಮ್ಮೆ
ಗುಡಿಸುವ ಭರದಲ್ಲಿ ಕಳಚಿದ ಒಂದು ಪ್ಲಗ್ಗು.
ಅದನ್ನು ಒತ್ತಿ, ಒಂದು ಲೋಟ ಚಾ ಕುಡಿದು
ಕತ್ತಲೆಯಲ್ಲಿ ಕಾಸರಗೋಡಿಗೆ ವಾಪಸು.

ಪಾಸ್‌ವರ್ಡುಗಳೋ,
ಪೆರ್ಲದ್ದು ಕ್ಯಾಲೆಂಡರಿನ ಬೆನ್ನಿಗೆ,
ಕುಂಬಳೆಯದ್ದು ಹಿಂದಿನ ಮ್ಯಾನೇಜರರ ಹೆಂಡತಿಯ ಹೆಸರು
(ಅವರು ವರ್ಗವಾಗಿ ಹೋದರು, ಹೆಸರು ಉಳಿಯಿತು),
ಬದಿಯಡ್ಕದ್ದು ಅಟೆಂಡರ್ ಕುಂಞಂಬಣ್ಣನ ತಲೆಯಲ್ಲಿ.
ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ
ಮುಸುಂಬಿ ಹಿಡಿದು ನೋಡಲು ಹೋದೆ.
ಕಣ್ಣು ಬಿಡದೆಯೇ ಕೇಳಿದರು:
"ಪಾಸ್‌ವರ್ಡಿಗೆ ಬಂದದ್ದಲ್ಲವಾ?"
ನಾಚಿಕೆಯಾಯಿತು. ಬರೆದುಕೊಂಡೆ.

ಆಡಳಿತ ಮಂಡಳಿಯ ಸಭೆಯಲ್ಲಿ ನಾನು ಕ್ಲೌಡ್ ಅಂದಾಗ
ನಿರ್ದೇಶಕ ಸಂಕಪ್ಪ ಭಂಡಾರಿಯವರು ಕಿಟಕಿಯತ್ತ ನೋಡಿದರು.
"ಮೋಡವಾ? ನಮ್ಮ ಪೆಟ್ಟಿಗೆ ಸುಡುವುದೇ ಅದು."
ಎಲ್ಲರೂ ನಕ್ಕರು. ನಾನೂ.
ಆಮೇಲೆ ಹೇಳಿದೆ:
ದುಡ್ಡು ಇಲ್ಲೇ, ತಿಜೋರಿ ಇಲ್ಲೇ, ತಂತಿಗಳೂ ಇಲ್ಲೇ;
ದಾರಿ ತೋರಿಸುವ ಬುದ್ಧಿ ಮಾತ್ರ ಬೇರೆಲ್ಲೋ.
ಹನ್ನೊಂದು ಮೂಲೆಯ ಕೈಮರಗಳಿಗೆ ಬಣ್ಣ ಬಳಿಯಲು
ಏಣಿ ಹೊತ್ತು ತಿರುಗುವ ಬದಲು
ಇಲ್ಲಿ ಕೂತು ಒಮ್ಮೆ ಬರೆದರೆ
ಅಲ್ಲಲ್ಲಿ ಅವೇ ತಿರುಗಿಕೊಳ್ಳುತ್ತವೆ.
"ಇದಕ್ಕೆ ವರ್ಷಾ ವರ್ಷಾ ಬಾಡಿಗೆಯಾ?"
ಹೌದು.
"ಕಟ್ಟದಿದ್ದರೆ?"
ಕೈಮರ ನಮ್ಮ ಮಾತು ಕೇಳುವುದಿಲ್ಲ.
ಭಂಡಾರಿಯವರು ಅದನ್ನೂ ಠರಾವಿನಲ್ಲಿ ಬರೆಸಿದರು,
ಕಟ್ಟುವ ತಾರೀಕಿನ ಕೆಳಗೆ ಕೆಂಪು ಗೆರೆ ಎಳೆಸಿ.

ಈ ಸಲದ ತುಲಾ. ದೇಲಂಪಾಡಿಗೆ ಸಿಡಿಲು.
ಯಾರೂ ಫೋನು ಮಾಡುವ ಮೊದಲೇ
ನನ್ನ ಮೊಬೈಲಿನ ನಕ್ಷೆಯಲ್ಲಿ ಒಂದು ಚುಕ್ಕೆ ಕೆಂಪು.
ಹೊಸ ಪೆಟ್ಟಿಗೆ ಬೆಳಗ್ಗಿನ ಬಸ್ಸಿನಲ್ಲಿ
ಕಂಡಕ್ಟರನ ಸೀಟಿನಡಿ ಹೋಯಿತು, ನಾನು ಹೋಗಲಿಲ್ಲ.
"ನನಗೆ ಇದೆಲ್ಲ ತಿಳಿಯುವುದಿಲ್ಲ," ಎಂದರು ಕ್ಯಾಷಿಯರ್ ಬೀಫಾತಿಮ.
ನೀಲಿ ತಂತಿ, ಒಂದನೆಯ ತೂತು, ಅಷ್ಟೇ.
"ಕಿತ್ತಳೆ ಮಿಣುಕುತ್ತದೆ."
ಮಿಣುಕಲಿ.
ನಾನು ಯಾರು ಎಂದು ಪೆಟ್ಟಿಗೆ ಕೇಳುತ್ತಿತ್ತು.
ನೀನು ದೇಲಂಪಾಡಿ, ಎಂದಿತು ಆ ಬೇರೆಲ್ಲೋ.
ಸುಟ್ಟುಹೋದದ್ದಕ್ಕೆ ಗೊತ್ತಿದ್ದುದೆಲ್ಲ
ಹೊಸದಕ್ಕೆ ನೆನಪಾಯಿತು.
ಪಿಂಚಣಿಗೆ ಬಂದ ಅಜ್ಜಿ ಬಾಯಲ್ಲಿದ್ದ ಎಲೆ ಉಗಿದು ಬರುವಷ್ಟರಲ್ಲಿ
ಹಸಿರು.

ನನಗೆ ಸ್ವಲ್ಪ ಹೊಟ್ಟೆಯುರಿಯಾಯಿತು, ಸುಳ್ಳು ಯಾಕೆ.
ಈ ಗಡಿಯಲ್ಲಿ ನನ್ನ ಹೆಸರಿಗೇ ಮೂರು ಕಾಗುಣಿತ:
ಶಾಲೆಯ ದಾಖಲೆಯಲ್ಲಿ ಕನ್ನಡದ್ದೊಂದು,
ಪಡಿತರ ಚೀಟಿಯಲ್ಲಿ ಮಲಯಾಳದ್ದೊಂದು,
ಬ್ಯಾಂಕಿನ ಐಡಿ ಕಾರ್ಡಿನ ಇಂಗ್ಲಿಷು ಎರಡಕ್ಕೂ ಸೇರದ್ದು.
ಒಂದನ್ನು ತಿದ್ದಲು ಎಷ್ಟು ಕಚೇರಿ, ಎಷ್ಟು ಬಸ್ಸು.
ಆ ಪೆಟ್ಟಿಗೆಗೆ ಒಂದೇ ಹೆಸರು,
ಒಂದೇ ಸಲ ಬರೆದದ್ದು, ಎಲ್ಲಿ ಹೋದರೂ ಅದೇ.

ಬಂದಡ್ಕಕ್ಕೆ ಹೋಗದೆ ಎಂಟು ತಿಂಗಳು.
ಸೊಂಟ ಈಗ ಪರವಾಗಿಲ್ಲ.
ನಿನ್ನೆ ಮಣಿಯಾಣಿಯವರ ಫೋನು, ದೂರು ಏನೂ ಇಲ್ಲ.
"ನೀನು ಈ ಕಡೆ ಬರುವುದೇ ಇಲ್ಲವಲ್ಲ ಮಾರಾಯ.
ಒಂದು ಪ್ಲಗ್ಗು ಕಳಚಿಡಲಾ?"
ಬೇಡ, ಅಂದೆ.
ಎಷ್ಟು ಗಂಟೆಗೆ ಕಳಚಿದ್ದೆಂದು
ಇದರಲ್ಲಿ ಬರುತ್ತದೆ.